ಹೊಟ್ಟೆ ಇಳಿಸಲು ಲೈಪೊ ಸಾಕೇ, ಟಮ್ಮಿ ಟಕ್ ಬೇಕೇ?

ಪ್ರಶ್ನೆ:

ಮೇಡಂ, ನಮಸ್ಕಾರ. ನಮ್ಮೂರು ವಿಜಯಪುರ. ಮದುವೆಯಾದಾಗಿನಿಂದ ಪುಣೆಯ ನಿಗಡಿಯಲ್ಲಿದ್ದೇನೆ, ಯಜಮಾನರಿಗೆ ಚಾಕಣದ ಕಂಪನಿಯಲ್ಲಿ ಕೆಲಸ. ನನಗೆ 44 ವರ್ಷ, ಎತ್ತರ 5 ಅಡಿ 2 ಇಂಚು, ತೂಕ 74 ಕಿಲೋ. ಎರಡೂ ಹೆರಿಗೆ ಸಿಜೇರಿಯನ್. ಅಲ್ಲಿಂದ ಜೋತುಬಿದ್ದ ಹೊಟ್ಟೆ ಇಳಿದೇ ಇಲ್ಲ. ಸೀರೆ ಉಟ್ಟಾಗ "ಎಷ್ಟು ತಿಂಗಳು?" ಎಂದು ಕೇಳಿದವರೂ ಇದ್ದಾರೆ. ಒಂದು ವರ್ಷದಿಂದ ಶುಗರ್ ಗುಳಿಗೆ ನಡೆದಿದೆ. ಮೊಬೈಲಿನಲ್ಲಿ "ಲೇಸರ್ ಲೈಪೊ, ಚಾಕು ಇಲ್ಲ, ಹೊಲಿಗೆ ಇಲ್ಲ, 45 ನಿಮಿಷ, ಬಡ್ಡಿಯಿಲ್ಲದ ಕಂತು" ಎಂಬ ಜಾಹೀರಾತು ನೋಡಿ ಫೋನ್ ಮಾಡಿದೆ. ಇವತ್ತೇ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿ ಅಂದರು. ನಮ್ಮ ಸೊಸೈಟಿಯ ಒಬ್ಬರು ಮಾತ್ರ ನಿನಗೆ ಹೊಟ್ಟೆಯ ಚರ್ಮ ಕತ್ತರಿಸಿ ಬಿಗಿ ಮಾಡುವ ಟಮ್ಮಿ ಟಕ್ಕೇ ಬೇಕು ಅನ್ನುತ್ತಾರೆ. ಇನ್ನೆರಡು ತಿಂಗಳಿಗೆ ಊರಲ್ಲಿ ತಂಗಿಯ ಮಗಳ ಮದುವೆ ಇದೆ, ಅಷ್ಟರೊಳಗೆ ಆಗುತ್ತದೆಯೇ? ಬೆಂಗಳೂರಲ್ಲಿ ಧಾರಾವಾಹಿಯ ಹುಡುಗಿ ಬೊಜ್ಜು ತೆಗೆಸಲು ಹೋಗಿ ತೀರಿಕೊಂಡಳಲ್ಲ, ಅದನ್ನು ಹೇಳಿ ಯಜಮಾನರು ಹೆದರಿಸುತ್ತಾರೆ. ಅತ್ತೆಯವರದು "ಈ ವಯಸ್ಸಿಗೆ ಯಾಕ ಬೇಕವ್ವಾ ಇದೆಲ್ಲ" ಎಂಬ ಮಾತು. ಇನ್ನೊಂದು, 17 ವರ್ಷದ ಮಗಳು ಮೂಗು ಸರಿ ಮಾಡಿಸಬೇಕೆಂದು ಹಟ ಹಿಡಿದಿದ್ದಾಳೆ. ಹಾಂ, ಕೆಮ್ಮಿದಾಗ ಹೊಕ್ಕುಳ ಮೇಲೆ ಸಣ್ಣ ಗಂಟೊಂದು ಎದ್ದು ಬರುತ್ತದೆ, ಮಲಗಿದರೆ ಹೋಗುತ್ತದೆ. ನೋವೇನಿಲ್ಲ.

ಉತ್ತರ:

ನಿಮ್ಮ ಪತ್ರದ ಕೊನೆಯ ಸಾಲನ್ನು ಮೊದಲು ತೆಗೆದುಕೊಳ್ಳುತ್ತೇನೆ. ಕೆಮ್ಮಿದಾಗ ಎದ್ದು, ಮಲಗಿದಾಗ ಒಳಗೆ ಹೋಗುವ ಗಂಟು ಹರ್ನಿಯಾ ಆಗಿರುವ ಸಂಭವವೇ ಹೆಚ್ಚು. ಹೊಟ್ಟೆಯ ಮುಂಭಾಗದ ಗೋಡೆಯಲ್ಲಿ ಕಿಂಡಿಯೊಂದು ಬಿಟ್ಟುಕೊಂಡು, ಒಳಗಿನ ಕೊಬ್ಬೋ ಕರುಳಿನ ತುಣುಕೋ ಅಲ್ಲಿಂದ ಹೊರಗೆ ಇಣುಕುತ್ತಿರುತ್ತದೆ. ಲೈಪೊ, ಅಂದರೆ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್, ಮಾಡುವಾಗ ಉಕ್ಕಿನ ನಳಿಕೆಯನ್ನು ಚರ್ಮದಡಿ ಹಿಂದೆ ಮುಂದೆ ಆಡಿಸುತ್ತೇವೆ. ಅದರ ತುದಿ ಕಣ್ಣಿಗೆ ಕಾಣುವುದಿಲ್ಲ, ಕೈಯ ಅಂದಾಜೇ ದಾರಿ. ಆ ದಾರಿಯಲ್ಲಿ ಯಾರಿಗೂ ಗೊತ್ತಿಲ್ಲದ ಹರ್ನಿಯಾ ಇದ್ದರೆ ನಳಿಕೆ ಕರುಳಿಗೇ ತಾಗಬಹುದು. ಕರುಳು ತೂತಾದರೆ ಮೊದಲ ದಿನ "ಆಪರೇಷನ್ ನೋವು, ಇದ್ದದ್ದೇ" ಎಂದುಕೊಂಡು ಸುಮ್ಮನಿರುತ್ತಾರೆ. ಎರಡನೆಯ ದಿನ ಜ್ವರ, ಹೊಟ್ಟೆಯುಬ್ಬರ. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿರುತ್ತದೆ.

ಆದ್ದರಿಂದ ಮೊದಲ ಭೇಟಿ ಜನರಲ್ ಸರ್ಜನ್ ಹತ್ತಿರ. ಅವರು ನಿಲ್ಲಿಸಿ, ಮಲಗಿಸಿ, ಕೆಮ್ಮಿಸಿ ನೋಡಿ, ಬೇಕಾದರೆ ಹೊಟ್ಟೆಯ ಗೋಡೆಯ ಸೋನೋಗ್ರಫಿ ಬರೆಯುತ್ತಾರೆ. ನಡುವೆ ಎಂದಾದರೂ ಆ ಗಂಟು ಗಟ್ಟಿಯಾಗಿ, ಒಳಗೆ ಹೋಗದೆ, ನೋವು ವಾಂತಿ ಶುರುವಾದರೆ ಬೆಳಗಾಗಲೆಂದು ಕಾಯಬೇಡಿ. ಅದೇ ಹೊತ್ತಿಗೆ ದೊಡ್ಡಾಸ್ಪತ್ರೆಯ ಕ್ಯಾಷುವಾಲ್ಟಿಗೆ ಹೋಗಿ.

ಫೋನಿನಲ್ಲಿ ರಿಯಾಯಿತಿ ಹೇಳಿದವರು ಇಂಥ ಗಂಟೇನಾದರೂ ಇದೆಯೇ ಎಂದು ಕೇಳಿದರೇ? ಕೇಳಿದ್ದರೆ ನೀವು ಬರೆಯುತ್ತಿದ್ದಿರಿ. ಹೊಟ್ಟೆ ಮುಟ್ಟಿ ನೋಡುವ ಮೊದಲೇ ಚಿಕಿತ್ಸೆಯ ಹೆಸರು, ನಿಮಿಷ, ಕಂತು ಎಲ್ಲ ತೀರ್ಮಾನವಾಗಿರುವ ಜಾಗಕ್ಕೆ ನಾನಾದರೆ ಹೋಗುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಲೈಪೊನೋ ಟಮ್ಮಿ ಟಕ್ಕೋ ಎಂದು ಕೇಳುವ ಮೊದಲು ಹೊಟ್ಟೆ ಯಾವುದರಿಂದ ಮುಂದೆ ಬಂದಿದೆ ಎಂದು ತಿಳಿಯಬೇಕು. ಹೊರಗಿನಿಂದ ಒಳಕ್ಕೆ ಹೋದರೆ ಮೊದಲು ಚರ್ಮ, ಅದರ ಕೆಳಗೆ ಕೈಗೆ ಸಿಗುವ ಕೊಬ್ಬು, ಆಮೇಲೆ ಎದೆಯ ಕೆಳಗಿನಿಂದ ಇಳಿಯುವ ಎರಡು ಉದ್ದ ಸ್ನಾಯುಗಳು, ಅವುಗಳ ಹಿಂದೆ ಕರುಳಿನ ಸುತ್ತ ಕೂತ ಒಳಗೊಬ್ಬು. ತೊಂದರೆ ಈ ನಾಲ್ಕರಲ್ಲಿ ಯಾವುದರಲ್ಲಾದರೂ ಇರಬಹುದು. ಎರಡು ಬಸುರು ಕಂಡ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ಕಡೆ ಇರುತ್ತದೆ.

ಮನೆಯಲ್ಲೇ ಒಂದಿಷ್ಟು ಅಂದಾಜು ಮಾಡಿಕೊಳ್ಳಬಹುದು. ನಿಂತಾಗ ಹೊಟ್ಟೆಯ ಕೆಳಭಾಗ ಸಿಜೇರಿಯನ್ ಗೆರೆಯ ಮೇಲೆ ಮಡಿಕೆಯಾಗಿ ಇಳಿಬಿದ್ದಿದ್ದರೆ ಅದು ಚರ್ಮದ ಸಡಿಲು. ಮಲಗಿ ಹೊಕ್ಕುಳ ಪಕ್ಕ ಬೆರಳುಗಳಿಂದ ಹಿಡಿದಾಗ ದಪ್ಪ ಪದರ ಕೈಗೆ ಬಂದರೆ ಅದು ಹೊರಗೊಬ್ಬು. ಹಿಡಿದರೆ ತೆಳ್ಳಗಿದೆ, ಆದರೂ ಹೊಟ್ಟೆ ಗುಂಡಗೆ ಗಟ್ಟಿಯಾಗಿ ಎದ್ದಿದೆ ಎಂದರೆ ಒಳಗೊಬ್ಬು. ಇನ್ನು ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆಯನ್ನಷ್ಟೇ ಎತ್ತಿ ನೋಡಿ. ಹೊಕ್ಕುಳ ಮೇಲೂ ಕೆಳಗೂ ನಡುಗೆರೆಯುದ್ದಕ್ಕೆ ದಿಬ್ಬದಂತೆ ಉಬ್ಬಿ, ಬೆರಳಿಟ್ಟರೆ ಎರಡು ಸ್ನಾಯುಗಳ ನಡುವೆ ಬೆರಳು ಇಳಿಯುತ್ತದೆಯೇ? ಬಸುರಿನಲ್ಲಿ ಅಗಲಿದ ಸ್ನಾಯುಗಳು ಮತ್ತೆ ಕೂಡಿಕೊಂಡಿಲ್ಲ ಎಂದರ್ಥ. "ಎಷ್ಟು ತಿಂಗಳು?" ಎಂದು ಕೇಳಿಸಿಕೊಂಡವರಲ್ಲಿ ಬಹಳ ಮಂದಿಯ ತೊಂದರೆ ಇದು. ಎಷ್ಟು ನಡೆದರೂ, ರಾತ್ರಿ ರೊಟ್ಟಿ ಬಿಟ್ಟರೂ ಆ ಉಬ್ಬು ಹೋಗದ್ದಕ್ಕೆ ನಿಮ್ಮ ಸೋಮಾರಿತನವೇನೂ ಕಾರಣವಲ್ಲ.

ಲೈಪೊಸಕ್ಷನ್ನಿನಿಂದ ಹೊರಗೊಬ್ಬು ಮಾತ್ರ ಹೋಗುತ್ತದೆ. ಉಪ್ಪು ನೀರಿಗೆ ಮರಗಟ್ಟಿಸುವ ಔಷಧ, ರಕ್ತ ಸೋರದಂತೆ ಅಡ್ರಿನಲಿನ್ ಬೆರೆಸಿ ಚರ್ಮದಡಿ ತುಂಬಿ, ಆಮೇಲೆ ಸಣ್ಣ ತೂತುಗಳಿಂದ ನಳಿಕೆ ಹಾಕಿ ಕೊಬ್ಬನ್ನು ಹೀರುವುದು ಈಗಿನ ಪದ್ಧತಿ. ಸಡಿಲ ಚರ್ಮ ಅದರಿಂದ ಬಿಗಿಯಾಗುವುದಿಲ್ಲ. ಕೆಳಗಿನ ಆಧಾರ ತೆಗೆದ ಮೇಲೆ ಇನ್ನಷ್ಟು ಜೋಲಬಹುದು. ಅಗಲಿದ ಸ್ನಾಯು ಹಾಗೇ ಇರುತ್ತದೆ. ಕರುಳಿನ ಸುತ್ತಲ ಒಳಗೊಬ್ಬಿನ ಹತ್ತಿರ ನಳಿಕೆ ಹೋಗುವಂತೆಯೇ ಇಲ್ಲ. ಶುಗರ್ ಇರುವವರಿಗೆ ಮುಖ್ಯವಾಗಿ ಹೇಳಬೇಕಾದದ್ದು ಇದೇ. 2004ರಲ್ಲಿ ಅಮೆರಿಕದ ವೈದ್ಯರು ಬೊಜ್ಜಿನ 15 ಮಹಿಳೆಯರಿಗೆ ಲೈಪೊದಿಂದ ಸುಮಾರು 10 ಕಿಲೋದಷ್ಟು ಹೊಟ್ಟೆಗೊಬ್ಬು ತೆಗೆದು, ಎರಡೂವರೆ ಮೂರು ತಿಂಗಳ ನಂತರ ಪರೀಕ್ಷಿಸಿದರು. ಇನ್ಸುಲಿನ್ನಿಗೆ ಮೈ ಸ್ಪಂದಿಸುವ ರೀತಿಯಲ್ಲಾಗಲಿ, ರಕ್ತದೊತ್ತಡದಲ್ಲಾಗಲಿ, ಕೊಲೆಸ್ಟರಾಲಿನಲ್ಲಾಗಲಿ ಸುಧಾರಣೆ ಕಾಣಲಿಲ್ಲ. ಅಂದರೆ "ಹೊಟ್ಟೆ ತೆಗೆಸಿದರೆ ಶುಗರೂ ಇಳಿಯುತ್ತದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತೂಕ ಇಳಿಸುವುದಕ್ಕೂ ಇದು ಉಪಾಯವಲ್ಲ. ಒಮ್ಮೆಗೆ 5 ಲೀಟರಿಗಿಂತ ಹೆಚ್ಚು ತೆಗೆದರೆ ಅದನ್ನು ದೊಡ್ಡ ಲೈಪೊ ಎಂದು ಲೆಕ್ಕ ಹಾಕುತ್ತೇವೆ. ಅಂಥವರು ರಾತ್ರಿಯಿಡೀ ಆಸ್ಪತ್ರೆಯ ನಿಗಾದಲ್ಲಿ ಇರಬೇಕು. "ಅದೇ ದಿನ ಮನೆಗೆ" ಮತ್ತು "10 ಲೀಟರ್" ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರಿಂದ ದೂರವಿರಿ.

ಜಾಹೀರಾತಿನ ಲೇಸರ್ ಲೈಪೊದಲ್ಲಿಯೂ ಸಾಮಾನ್ಯವಾಗಿ ಚರ್ಮಕ್ಕೆ ತೂತು ಹಾಕಿ ಲೇಸರ್ ಬೆಳಕಿನ ತೆಳು ಎಳೆಯೊಂದನ್ನು ಒಳಗೆ ಬಿಡುತ್ತಾರೆ. ಕೊಬ್ಬನ್ನು ಕಾಯಿಸಿ ಕರಗಿಸುವುದೊಂದೇ ವ್ಯತ್ಯಾಸ. ಕಾವು ಹೆಚ್ಚಾದರೆ ಚರ್ಮ ಒಳಗಿನಿಂದ ಸುಡುತ್ತದೆ. ಕೊಬ್ಬನ್ನು ಹೆಪ್ಪುಗಟ್ಟಿಸುವ ಯಂತ್ರಗಳಿಗೆ ನಿಜವಾಗಿಯೂ ಚಾಕು ಬೇಡ. ಹಚ್ಚಿದ ಜಾಗದ ಕೊಬ್ಬಿನ ಪದರ ಎರಡು ಮೂರು ತಿಂಗಳಲ್ಲಿ ಶೇ 20ರಿಂದ 25ರಷ್ಟು ತೆಳುವಾಗುತ್ತದೆ. ಜೀನ್ಸ್ ಮೇಲೆ ಉಬ್ಬುವ ಸೊಂಟದ ಅಂಚಿಗೆ ಅದು ಸರಿ. ನಿಮ್ಮ ವರ್ಣನೆಯ ಹೊಟ್ಟೆಗೆ ಹಣ ದಂಡ. ಅಪರೂಪಕ್ಕೆ, ತಣ್ಣಗೆ ಮಾಡಿದ ಜಾಗದಲ್ಲೇ ಕೊಬ್ಬು ಕರಗುವ ಬದಲು ಗಟ್ಟಿಯಾಗಿ ಬೆಳೆದುಬಿಡುವುದೂ ಉಂಟು. ತನಗೆ ಹೀಗಾಯಿತೆಂದು 2021ರಲ್ಲಿ ಕೆನಡಾದ ಖ್ಯಾತ ಮಾಡೆಲ್ ಲಿಂಡಾ ಇವಾಂಜೆಲಿಸ್ಟಾ ಬಹಿರಂಗವಾಗಿ ಹೇಳಿದ ಮೇಲೆ ವಿಷಯ ಎಲ್ಲರಿಗೂ ಗೊತ್ತಾಯಿತು. ಕೊಬ್ಬು ಕರಗಿಸುವ ಇಂಜೆಕ್ಷನ್ನಿನ ಬಗ್ಗೆ ನೀವು ಕೇಳಿಲ್ಲ. ಕೇಳಿದ್ದರೂ ಹೊಟ್ಟೆಗೆ ಬೇಡ ಎನ್ನುತ್ತಿದ್ದೆ.

ಟಮ್ಮಿ ಟಕ್ ದೊಡ್ಡ ಆಪರೇಷನ್. ಅದನ್ನು ಚಿಕ್ಕದು ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಸಿಜೇರಿಯನ್ ಗೆರೆಯ ಮಟ್ಟದಲ್ಲಿ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕೊಯ್ದು, ಚರ್ಮ ಕೊಬ್ಬುಗಳ ಪದರವನ್ನು ಪಕ್ಕೆಲುಬಿನವರೆಗೆ ಎಬ್ಬಿಸಿ, ಅಗಲಿದ ಸ್ನಾಯುಗಳನ್ನು ನಡುವೆ ಸೇರಿಸಿ ಹೊಲಿದು, ಪದರವನ್ನು ಕೆಳಕ್ಕೆ ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ, ಹೊಕ್ಕುಳಕ್ಕೆ ಹೊಸ ಜಾಗದಲ್ಲಿ ಕಿಂಡಿ ಮಾಡಿ ಕೂರಿಸುತ್ತೇವೆ. ಹಳೆಯ ಸಿಜೇರಿಯನ್ ಗುರುತು ಬಹುತೇಕ ಅದರಲ್ಲೇ ಹೋಗುತ್ತದೆ. ಪೂರ್ಣ ಅರಿವಳಿಕೆ, ಎರಡರಿಂದ ನಾಲ್ಕು ಗಂಟೆ, ಆಸ್ಪತ್ರೆಯಲ್ಲಿ ಒಂದರಿಂದ ಮೂರು ರಾತ್ರಿ. ಮೊದಲ ವಾರ ನೆಟ್ಟಗೆ ನಿಲ್ಲಲಾಗದೆ ಬಗ್ಗಿ ನಡೆಯುತ್ತೀರಿ. ನೀರು ಬಸಿಯಲು ಪಕ್ಕದಲ್ಲಿ ಸಣ್ಣ ಕೊಳವೆ ಇರಬಹುದು. ಆರು ವಾರ ಬಿಗಿ ಬೆಲ್ಟ್. ಆ ಆರು ವಾರ ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಹಿಟ್ಟಿನ ಡಬ್ಬಿ ಯಾವುದನ್ನೂ ಎತ್ತುವಂತಿಲ್ಲ. ಲಂಗದ ಲಾಡಿಯನ್ನು ಹೊಟ್ಟೆಗೆ ಬಿಗಿದು ಕಟ್ಟುವಂತೆಯೂ ಇಲ್ಲ, ಅಲ್ಲಿಯವರೆಗೆ ನೈಟಿಯೇ ಗತಿ. ಹೊಕ್ಕುಳ ಕೆಳಗೆ ಕೆಲವು ತಿಂಗಳು ಜೋಮು ಹಿಡಿದಂತಿರುತ್ತದೆ, ಕೆಲವರಿಗೆ ಒಂದಷ್ಟು ಜಾಗದಲ್ಲಿ ಕಾಯಂ. ಬಿಸಿನೀರಿನ ಚೀಲ ಇಟ್ಟು ಸುಟ್ಟುಕೊಂಡವರಿದ್ದಾರೆ, ಹುಷಾರು.

ಕೊಯ್ದ ಗೆರೆ ಮೊದಲು ಕೆಂಪಾಗಿ, ಆಮೇಲೆ ಕಪ್ಪಾಗಿ, ತಿಳಿಯಾಗಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ನಮ್ಮ ಮೈಬಣ್ಣದವರಲ್ಲಿ ಕೆಲವರಿಗೆ ಅದು ಉಬ್ಬಿಕೊಳ್ಳುತ್ತದೆ. ನಿಮ್ಮ ಸಿಜೇರಿಯನ್ ಗುರುತು ಹೇಗೆ ಮಾಗಿತು ಎಂಬುದೇ ಇದಕ್ಕೆ ಒಳ್ಳೆಯ ಸೂಚನೆ. ಗೆರೆ ಬೀಳದ ಟಮ್ಮಿ ಟಕ್ ಇಲ್ಲ. ಸೀರೆಯ ಕೆಳಗೆ ಮುಚ್ಚುವಂತೆ ಗೆರೆಯನ್ನು ಎಲ್ಲಿ ಇಡುತ್ತಾರೆಂದು ನಿಂತಿರುವಾಗಲೇ ಪೆನ್ನಿನಲ್ಲಿ ಬರೆದು ತೋರಿಸಲು ಹೇಳಿ.

ಕಾಗದದಲ್ಲಿ ಓದಿ ಹೇಳುವುದಾದರೆ ನಿಮ್ಮ ತೊಂದರೆ ಚರ್ಮದ್ದೂ ಸ್ನಾಯುವಿನದ್ದೂ ಇರುವ ಹಾಗಿದೆ, ಜೊತೆಗೆ ಹರ್ನಿಯಾದ ಗುಮಾನಿ. ಹಾಗಿದ್ದರೆ ಸೊಸೈಟಿಯವರ ಮಾತಿಗೆ ಅರ್ಥವಿದೆ. ಹರ್ನಿಯಾ ರಿಪೇರಿಯನ್ನೂ ಟಮ್ಮಿ ಟಕ್ಕನ್ನೂ ಒಂದೇ ಸಲ ಮಾಡುವುದು ಹಲವು ಬಾರಿ ಸಾಧ್ಯ, ಜನರಲ್ ಸರ್ಜನ್ ಮತ್ತು ಪ್ಲಾಸ್ಟಿಕ್ ಸರ್ಜನ್ ಕೂಡಿ ಕುಳಿತು ಯೋಚಿಸಬೇಕು. ಆದರೆ ಈಗಲೇ ಬೇಡ. 5 ಅಡಿ 2 ಇಂಚಿಗೆ 74 ಕಿಲೋ ಎಂದರೆ ಎತ್ತರಕ್ಕೆ ತಕ್ಕ ತೂಕ ಅಳೆಯುವ ಬಿಎಂಐ ಸುಮಾರು 30. ಆ ತೂಕದಲ್ಲಿ ಗಾಯ ಬಿಡುವುದು, ನೀರು ತುಂಬುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಎಲ್ಲ ಹೆಚ್ಚು. ಒಳಗೊಬ್ಬು ತುಂಬಿದ್ದರೆ ಸ್ನಾಯು ಹೊಲಿದರೂ ಹೊಟ್ಟೆ ಚಪ್ಪಟೆಯಾಗದು. 66ರ ಸುತ್ತ ಇಳಿದು, ನಾಲ್ಕಾರು ತಿಂಗಳು ಅಲ್ಲೇ ನಿಂತ ಮೇಲೆ ಬನ್ನಿ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 7ರ ಆಸುಪಾಸಿಗೆ ಬಂದಿರಲಿ. ಶುಗರಿಗೂ ತೂಕಕ್ಕೂ ಕೆಲಸ ಮಾಡುವ ಮೌಂಜಾರೊ, ವಿಗೋವಿಯಂಥ ವಾರಕ್ಕೊಂದು ಚುಚ್ಚುಮದ್ದುಗಳು 2025ರಲ್ಲಿ ನಮ್ಮ ದೇಶಕ್ಕೂ ಬಂದಿವೆ. ನಿಮಗೆ ಒಗ್ಗುತ್ತವೆಯೇ ಎಂದು ನಿಮ್ಮ ಶುಗರ್ ಡಾಕ್ಟರನ್ನು ಕೇಳಿ, ಮೆಡಿಕಲ್ ಅಂಗಡಿಯವನನ್ನಲ್ಲ. ತೆಗೆದುಕೊಳ್ಳುತ್ತಿದ್ದರೆ ಆಪರೇಷನ್ನಿಗೆ ಮೊದಲು ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು. ಈ ಔಷಧಿಯಿಂದ ಹೊಟ್ಟೆ ಖಾಲಿಯಾಗುವುದು ನಿಧಾನ. ರಾತ್ರಿಯಿಂದ ಉಪವಾಸವಿದ್ದರೂ ಊಟ ಹೊಟ್ಟೆಯಲ್ಲೇ ಉಳಿದು, ಪ್ರಜ್ಞೆ ತಪ್ಪಿಸಿದಾಗ ಶ್ವಾಸಕೋಶಕ್ಕೆ ನುಗ್ಗುವ ಅಪಾಯವಿದೆ.

ಇನ್ನೊಂದು ವಿಷಯ ನೀವು ಬರೆದಿಲ್ಲ. ಆದರೂ ವಿಜಯಪುರ, ಸೊಲ್ಲಾಪುರ, ಸಾಂಗಲಿ ಕಡೆಯ ಹೆಣ್ಣುಮಕ್ಕಳನ್ನು ನಾನು ಕೇಳದೆ ಬಿಡುವುದಿಲ್ಲ. ಹಲ್ಲಿಗೆ ಮಿಶ್ರಿ ಹಚ್ಚುತ್ತೀರಾ? "ತಂಬಾಕು ಮುಟ್ಟಿಲ್ಲ" ಎಂದು ಫಾರ್ಮಿನಲ್ಲಿ ಬರೆದು, ಬೆಳಿಗ್ಗೆ ಎದ್ದ ಕೂಡಲೇ ಮಿಶ್ರಿ ಡಬ್ಬಿ ತೆಗೆಯುವವರು ಎಷ್ಟೋ ಮಂದಿ. ಹುರಿದು ಕರಿ ಮಾಡಿದರೂ ಅದು ತಂಬಾಕೇ, ಒಸಡಿನಿಂದ ನಿಕೋಟಿನ್ ರಕ್ತಕ್ಕೆ ಹೋಗಿ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಟಮ್ಮಿ ಟಕ್‌ನಲ್ಲಿ ಎಬ್ಬಿಸಿದ ಪದರ ಬದುಕುವುದು ಪಕ್ಕಗಳಿಂದ ಬರುವ ರಕ್ತದ ಮೇಲೆ. ಅದು ಕಡಿಮೆಯಾದರೆ ಹೊಲಿಗೆಯ ಮಧ್ಯಭಾಗದ ಚರ್ಮ ಕಪ್ಪಗಾಗಿ ಸಾಯುತ್ತದೆ, ಗಾಯ ತಿಂಗಳುಗಟ್ಟಲೆ ಬಿಚ್ಚಿಕೊಂಡಿರುತ್ತದೆ.

ಪುಣೆಯಲ್ಲಿದ್ದು ಈ ಮಾತಿಗೆ ಒಂದು ಹಳೆಯ ಪ್ರಸಂಗ ಹೇಳದಿರಲಾರೆ, ಅದರ ಒಂದು ತುದಿ ನಮ್ಮ ಶ್ರೀರಂಗಪಟ್ಟಣದಲ್ಲಿದೆ. ಟಿಪ್ಪುವಿನ ವಿರುದ್ಧ 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕೋವಾಸ್‌ಜಿ ಎಂಬ ಮರಾಠಾ ಸೆರೆಸಿಕ್ಕ. ಟಿಪ್ಪುವಿನ ಕಡೆಯವರು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಕಳಿಸಿದರು. ವರ್ಷದ ನಂತರ ಪುಣೆಯ ಬಳಿ, ಇಟ್ಟಿಗೆ ಮಾಡುವ ಕುಲದ ಒಬ್ಬ ವ್ಯಕ್ತಿ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆದು, ಅಷ್ಟು ಚರ್ಮವನ್ನು ಬಿಡಿಸಿದ. ಎರಡು ಹುಬ್ಬುಗಳ ನಡುವಿನ ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸಿಕೊಂಡು, ಚರ್ಮವನ್ನು ತಿರುಚಿ ಮೂಗಿನ ಜಾಗಕ್ಕೆ ಇಳಿಸಿದ. ಹೊಸ ಜಾಗದಲ್ಲಿ ಚರ್ಮ ಕೂಡಿಕೊಳ್ಳುವವರೆಗೆ ರಕ್ತ ಬರುತ್ತಿದ್ದದ್ದು ಆ ಪಟ್ಟಿಯಿಂದ. ಸುಮಾರು 25 ದಿನಗಳ ನಂತರ ಅದನ್ನು ಕತ್ತರಿಸಿದ. ಕಣ್ಣಾರೆ ಕಂಡ ಇಂಗ್ಲಿಷ್ ವೈದ್ಯರಿಂದ ಸುದ್ದಿ ಲಂಡನ್ನಿಗೆ ಹೋಗಿ, 1794ರ ಅಕ್ಟೋಬರಿನಲ್ಲಿ ಅಲ್ಲಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಚಿತ್ರ ಸಮೇತ ಅಚ್ಚಾಯಿತು. ಅದನ್ನು ಓದಿದ ಇಂಗ್ಲಿಷ್ ಸರ್ಜನ್ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನದಲ್ಲಿ ಮೂಗು ಕಟ್ಟಿದ. ಮೂಗು ಕಟ್ಟುವ ವಿದ್ಯೆ ಸುಶ್ರುತನ ಕಾಲದಿಂದಲೂ ನಮ್ಮಲ್ಲಿತ್ತು. ರಕ್ತ ಬರುವ ದಾರಿ ಕಾಯಬೇಕೆಂಬುದು ಆ ಇಟ್ಟಿಗೆಯವನಿಗೆ ಗೊತ್ತಿತ್ತು. ಮಿಶ್ರಿ ಹಚ್ಚುವಾಗ ನೀವು ಅದೇ ದಾರಿಯನ್ನು ಮುಚ್ಚುತ್ತಿರುತ್ತೀರಿ. ಆಪರೇಷನ್ನಿಗೆ ಕಡಿಮೆಯೆಂದರೆ ನಾಲ್ಕು ವಾರ ಮೊದಲು, ನಾಲ್ಕು ವಾರ ಆಮೇಲೆ ಮಿಶ್ರಿ, ಗುಟ್ಕಾ, ಸಿಗರೇಟು ಯಾವುದೂ ಇರಬಾರದು. ಬಿಡಲಾಗದಿದ್ದರೆ ನನಗೆ ಹೇಳಿಬಿಡಿ, ಆಪರೇಷನ್ ಮುಂದೂಡುತ್ತೇನೆ. ಬೈಯುವುದಿಲ್ಲ.

ಅದೇ ರೀತಿ ಹೇಳಬೇಕಾದ ಇನ್ನೊಂದು ಗುಳಿಗೆ, ಪೂಜೆಗೋ ಮದುವೆಗೋ ಮುಟ್ಟು ಮುಂದೆ ಹಾಕಲು ತೆಗೆದುಕೊಳ್ಳುವುದು. ಹಾರ್ಮೋನಿನ ಗುಳಿಗೆಗಳಿಂದ ರಕ್ತ ಹೆಪ್ಪುಗಟ್ಟುವ ಸಂಭವ ಏರಬಹುದು, ಆಪರೇಷನ್ನಿನ ಹೊತ್ತಿಗೆ ಅದು ಬೇಡ. ಆಸ್ಪಿರಿನ್, ನಾಟಿ ಔಷಧಿ, ಕಷಾಯ ಏನೇ ಇದ್ದರೂ ಪಟ್ಟಿ ಬರೆದು ತನ್ನಿ. ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ.

ಯಜಮಾನರ ಹೆದರಿಕೆಗೆ ಬರೋಣ. ಬೆಂಗಳೂರಿನ ಆ ಘಟನೆ 2022ರ ಮೇ ತಿಂಗಳಿನದು, ಆ ಕಿರುತೆರೆ ನಟಿಗೆ ಕೇವಲ 21 ವರ್ಷ. ಆ ಒಂದು ಪ್ರಕರಣದ ಒಳಹೊರಗನ್ನು ನಾನಿಲ್ಲಿ ತೀರ್ಮಾನಿಸಲಾರೆ. ಸಾಮಾನ್ಯವಾಗಿ ಇಂಥ ಚಿಕಿತ್ಸೆಗಳಲ್ಲಿ ಜೀವಕ್ಕೆ ಕುತ್ತು ಬರುವ ದಾರಿಗಳು ನಮಗೆ ಗೊತ್ತಿವೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವುದು, ಕೊಬ್ಬಿನ ಕಣಗಳು ರಕ್ತಕ್ಕೆ ಸೇರುವುದು, ಮರಗಟ್ಟಿಸುವ ಔಷಧ ಮೈ ತೂಕಕ್ಕೆ ಮೀರಿ ಹೃದಯದ ಬಡಿತ ಕೆಡುವುದು, ತುಂಬಿದ ನೀರಿನ ಲೆಕ್ಕ ತಪ್ಪಿ ಶ್ವಾಸಕೋಶದಲ್ಲಿ ನೀರು ನಿಲ್ಲುವುದು, ಮೇಲೆ ಹೇಳಿದ ಹಾಗೆ ಕರುಳು ತೂತಾಗುವುದು. ಒಳ್ಳೆಯ ಕೈಯಲ್ಲಿ ಇವು ವಿರಳ, ಆದರೆ ಸೊನ್ನೆ ಅಲ್ಲ. ಆದಾಗ ಜೀವ ಉಳಿಯುವುದೂ ಹೋಗುವುದೂ ಆ ಕೋಣೆಯಲ್ಲಿ ಯಾರಿದ್ದಾರೆ, ಏನಿದೆ ಎಂಬುದರ ಮೇಲೆ. ಹಾಗಾಗಿ ಯಜಮಾನರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಕರೆದುಕೊಂಡು ಹೋಗಿ, ಅವರಿಂದಲೇ ಕೇಳಿಸಿ: ಮೊದಲಿನಿಂದ ಕೊನೆಯವರೆಗೆ ಅರಿವಳಿಕೆ ವೈದ್ಯರು ಪಕ್ಕದಲ್ಲೇ ಇರುತ್ತಾರೆಯೇ, ಅಥವಾ ಇಂಜೆಕ್ಷನ್ ಕೊಟ್ಟು ಇನ್ನೊಂದು ಕಡೆ ಹೋಗುತ್ತಾರೆಯೇ? ಐಸಿಯು ಇದೇ ಕಟ್ಟಡದಲ್ಲಿದೆಯೇ? ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಎಲ್ಲಿಗೆ ಕಳಿಸುತ್ತೀರಿ? ರಾತ್ರಿ ನನ್ನ ಫೋನ್ ಎತ್ತುವವರು ಯಾರು? ಈ ಪ್ರಶ್ನೆಗಳಿಗೆ ಮುಖ ಸಿಂಡರಿಸಿಕೊಳ್ಳುವ ಜಾಗವಾದರೆ ಎದ್ದು ಬನ್ನಿ.

ಡಾಕ್ಟರ ಓದಿನ ಬಗ್ಗೆ. "ಕಾಸ್ಮೆಟಿಕ್ ಸರ್ಜನ್" ಎಂಬ ಬೋರ್ಡು ನೋಡಿ ಸಮಾಧಾನ ಪಡಬೇಡಿ. ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯ ಉನ್ನತ ಪದವಿಗಳಾದ ಎಂಸಿಎಚ್ ಅಥವಾ ಡಿಎನ್‌ಬಿ ಇದೆಯೇ ನೋಡಿ. ಪ್ಲಾಸ್ಟಿಕ್ ಸರ್ಜನ್ನರಾದ ನಮ್ಮಲ್ಲಿ ಹೆಚ್ಚಿನವರು ಎಂಬಿಬಿಎಸ್, ಎಂಎಸ್ ಮುಗಿಸಿ ಆಮೇಲೆ ಮೂರು ವರ್ಷ ಇದನ್ನೇ ಕಲಿತವರು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಮತ್ತು ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲಿನ ಪಟ್ಟಿಯಲ್ಲಿ ನೋಂದಣಿ ಸಂಖ್ಯೆ ಹಾಕಿ ಹುಡುಕಬಹುದು, ಮಗಳಿಗೆ ಹೇಳಿದರೆ ಎರಡು ನಿಮಿಷದ ಕೆಲಸ. 2022ರಲ್ಲಿ ಆ ಆಯೋಗವೇ ಕೂದಲು ನಾಟಿಯಂಥ ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿ, ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ತರಬೇತಿಯಾಗದು ಎಂದು ಬರೆಯಬೇಕಾಗಿ ಬಂತು. ಅಂಥವರು ಎಷ್ಟಿರಬೇಕು ಯೋಚಿಸಿ. ವೈದ್ಯರು ಜಾಹೀರಾತು ಕೊಟ್ಟು ರೋಗಿಗಳನ್ನು ಕರೆಯಬಾರದೆಂದು 2002ರ ವೃತ್ತಿ ನಿಯಮಾವಳಿಯಲ್ಲಿದೆ. ಆದ್ದರಿಂದಲೇ ನಿಮ್ಮ ಮೊಬೈಲಿನಲ್ಲಿ ಡಾಕ್ಟರ ಹೆಸರಿಲ್ಲದ, ಕಂಪನಿಯ ಹೆಸರಿರುವ ಜಾಹೀರಾತುಗಳೇ ಹೆಚ್ಚು. ಅಲ್ಲಿ ಮೊದಲು ಮಾತಾಡುವ "ಕೌನ್ಸೆಲರ್" ಮಾರಾಟದವರು. ಕತ್ತರಿ ಹಿಡಿಯುವವರ ಹೆಸರು ಕೇಳಿ, ಅವರೇ ನಿಮ್ಮ ಹೊಟ್ಟೆ ನೋಡಲಿ. ಆಸ್ಪತ್ರೆಗೆ ಮಹಾನಗರಪಾಲಿಕೆಯ ನರ್ಸಿಂಗ್ ಹೋಮ್ ನೋಂದಣಿ ಇರಬೇಕು, ನಿಮ್ಮ ಕಡೆಯಾದರೆ ಪಿಂಪರಿ-ಚಿಂಚವಡ ಪಾಲಿಕೆಯದು. ಸಾಮಾನ್ಯವಾಗಿ ಸ್ವಾಗತದ ಗೋಡೆಗೆ ನೇತುಹಾಕಿರುತ್ತಾರೆ.

ಹಣ. ಮೊತ್ತ ಊರಿನಿಂದ ಊರಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ, ನಾನಿಲ್ಲಿ ಅಂಕಿ ಬರೆದರೆ ಅದೇ ಅಳತೆಗೋಲಾಗುತ್ತದೆ. ಅಂದಾಜು ಪಟ್ಟಿಯನ್ನು ಬರಹದಲ್ಲಿ ಪಡೆದು, ಸರ್ಜನ್, ಅರಿವಳಿಕೆ, ಥಿಯೇಟರ್, ಕೋಣೆ, ಬೆಲ್ಟ್, ಔಷಧಿ ಎಲ್ಲ ಸೇರಿದೆಯೇ ನೋಡಿ. ಕಾಯಿಲೆಯ ಚಿಕಿತ್ಸೆಗೆ ಸಾಮಾನ್ಯವಾಗಿ ಜಿಎಸ್‌ಟಿ ಇಲ್ಲ, ಅಂದಕ್ಕಾಗಿ ಮಾಡಿಸಿದ್ದಕ್ಕೆ ಶೇ 18 ಇದೆ, ಅದನ್ನು ಕೊನೆಯ ಬಿಲ್ಲಿನಲ್ಲಿ ಸೇರಿಸಿ ಬೆಚ್ಚಿಬೀಳಿಸುತ್ತಾರೆ. ಮೆಡಿಕ್ಲೇಮ್ ಅಂದದ ಆಪರೇಷನ್ನಿಗೆ ಬರುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ನಂತರ ಮರುರೂಪಿಸುವುದಕ್ಕೆ ಬರುತ್ತದೆ. ಹರ್ನಿಯಾ ಕಾಯಿಲೆ, ಹಾಗಾಗಿ ಅದರ ಭಾಗಕ್ಕೆ ಕಂಪನಿಯ ಪಾಲಿಸಿ ಸಿಗುವ ಸಾಧ್ಯತೆಯಿದೆ. ಎರಡೂ ಒಟ್ಟಿಗೆ ಆದರೆ ಬಿಲ್ಲು ಬೇರೆ ಬೇರೆ ಮಾಡಿಸಿ, ಮೊದಲೇ ಅನುಮತಿ ಪಡೆಯಿರಿ. ಟಮ್ಮಿ ಟಕ್ಕನ್ನು ಹರ್ನಿಯಾ ಎಂದು ಬರೆದುಕೊಡುತ್ತೇವೆ ಎಂದು ಯಾರಾದರೂ ಆಸೆ ತೋರಿಸಿದರೆ ಒಪ್ಪಬೇಡಿ, ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗಬಹುದು. ಆಪರೇಷನ್ ನಂತರ ತೊಂದರೆಯಾದರೆ ಆ ಖರ್ಚನ್ನೂ ವಿಮೆಯವರು ತಳ್ಳಿಹಾಕಬಹುದು. ಕೈಯಲ್ಲಿ ಒಂದಿಷ್ಟು ಹೆಚ್ಚುವರಿ ಇಟ್ಟುಕೊಳ್ಳದೆ, ಕಂತಿನ ಮೇಲೆ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ.

ಮದುವೆಗೆ ಮೊದಲು ಆಗುವುದಿಲ್ಲ. ಹರ್ನಿಯಾ ಪರೀಕ್ಷೆ, ಶುಗರ್, ತೂಕ ಎಲ್ಲ ಬಿಟ್ಟರೂ, ಎರಡು ತಿಂಗಳಿಗೆ ಬಾವು ಪೂರ್ತಿ ಇಳಿದಿರುವುದಿಲ್ಲ. ಮೇಲಾಗಿ ಸೊಲ್ಲಾಪುರದ ಮೇಲೆ ವಿಜಯಪುರಕ್ಕೆ ಅಷ್ಟು ಗಂಟೆ ಕೂತು ಹೋಗುವುದು, ಮದುವೆಮನೆಯಲ್ಲಿ ಓಡಾಡಿ ಭಾರ ಎತ್ತುವುದು ಹೊಸ ಹೊಲಿಗೆಗೆ ಒಳ್ಳೆಯದಲ್ಲ. ಈ ಮದುವೆಗೆ ಒಳ್ಳೆಯ ದರ್ಜಿಯಿಂದ ಬ್ಲೌಸ್ ಹೊಲಿಸಿಕೊಂಡು, ತೆಳು ರೇಷ್ಮೆ ಉಟ್ಟು ಹೋಗಿಬನ್ನಿ.

ಅತ್ತೆಯವರ ಪ್ರಶ್ನೆಗೆ ವೈದ್ಯಕೀಯದಲ್ಲಿ ಉತ್ತರವಿಲ್ಲ. 44 ವಯಸ್ಸಲ್ಲ ಎಂದಷ್ಟೇ ಹೇಳಬಲ್ಲೆ. ಸ್ನಾಯು ಅಗಲಿದ್ದರೆ ಬೆನ್ನು ನೋವೂ ಕೆಲವರಿಗೆ ಇರುತ್ತದೆ, ಅದೂ ಕಡಿಮೆಯಾಗಬಹುದು. ಆದರೆ ಅದನ್ನು ನೆಪ ಮಾಡಿಕೊಳ್ಳಬೇಕಾಗಿಲ್ಲ. ನನ್ನ ಮೈ ನನಗೆ ಹೀಗೆ ಬೇಡ ಎನ್ನುವುದೂ ಕಾರಣವೇ. ನಾನು ಕೇಳುವುದು ಬೇರೆ: ಯಾರೂ ಕೇಳದಿದ್ದರೂ, ಮದುವೆ ಇಲ್ಲದಿದ್ದರೂ ನಿಮಗೆ ಇದು ಬೇಕೇ?

ಮಗಳಿಗೂ ಅದೇ ಪ್ರಶ್ನೆ ಹಾಕಿ ನೋಡಿ. ಮುಖದ ಬೆಳವಣಿಗೆ ಹುಡುಗಿಯರಲ್ಲಿ 16-17ಕ್ಕೆ ಬಹುತೇಕ ಮುಗಿದಿರುತ್ತದೆ, ಆ ಲೆಕ್ಕದಲ್ಲಿ ವಯಸ್ಸು ಅಡ್ಡಿಯಲ್ಲ. ಆದರೆ 18 ತುಂಬುವವರೆಗೆ ಸಹಿ ನಿಮ್ಮದು, ಮೂಗು ಅವಳದು, ಅದು ನನಗೆ ಸರಿಬರುವುದಿಲ್ಲ. ಅವಳು ಯಾವ ಫೋಟೋ ನೋಡಿ ಬೇಸರ ಪಡುತ್ತಾಳೆ? ಒಂದಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಐದಡಿ ದೂರದಿಂದ ಕಾಣುವುದಕ್ಕಿಂತ ಸುಮಾರು ಶೇ 30 ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಯಾರಾದರೂ ದೂರ ನಿಂತು, ಪಕ್ಕದಿಂದ, ಫಿಲ್ಟರ್ ಇಲ್ಲದೆ ಫೋಟೋ ತೆಗೆಯಲಿ. ಆಗಲೂ ಬೇಡವೆನಿಸಿದರೆ ಮಾತಾಡೋಣ. ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ಮುಂದೆ ನಿಲ್ಲುವುದು, ಕಾಲೇಜು ತಪ್ಪಿಸುವುದು, ಮಾಸ್ಕ್ ಹಾಕಿಯೇ ಹೊರಗೆ ಹೋಗುವುದು ಇದ್ದರೆ ಮೊದಲು ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. ಅಂಥವರಿಗೆ ಎಷ್ಟು ಚೆನ್ನಾಗಿ ಮಾಡಿದ ಮೂಗೂ ಸಾಕೆನಿಸುವುದಿಲ್ಲ. ಒಂದು ಹೊಳ್ಳೆ ಸದಾ ಕಟ್ಟಿರುವುದು, ಬಾಯಲ್ಲಿ ಉಸಿರಾಡುವುದು ಇದ್ದರೆ ಒಳಗಿನ ಗೋಡೆ ಸೊಟ್ಟಗಿರಬಹುದು, ಅದನ್ನು ಕಿವಿ ಮೂಗು ಗಂಟಲಿನ ಡಾಕ್ಟರಿಗೆ ಈಗಲೇ ತೋರಿಸಿ. ಎರಡೂ ಬೇಕಾದರೆ ಮುಂದೆ ಒಂದೇ ಸಲಕ್ಕೆ ಮಾಡಬಹುದು. ಮೂಗಿನ ಬಾವು ಪೂರ್ತಿ ಇಳಿಯಲು ಒಂದು ವರ್ಷ ಹಿಡಿಯುತ್ತದೆ ಎಂಬುದನ್ನು ಅವಳಿಗೆ ಹೇಳಿ, ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿಸಿಕೊಂಡು, 18 ತುಂಬಿದ ಮೇಲೆ ಅವಳೇ ಬಂದು ಕೇಳಲಿ.